ಚಪ್ಪಲಿ ಹಾಕ್ಕಂಡು ಮುಟ್ಟಿ

ಕುಶಾಲನಗರದ ಸುತ್ತಮುತ್ತ ಯಾರ ಮನೆಯಲ್ಲಿ ಕರೆಂಟು ಕೈಕೊಟ್ಟರೂ ಜವರಪ್ಪನೇ ಬರಬೇಕು. ಅವನ ಕೇರಿಯ ಅಷ್ಟೂ ಮನೆಗಳ ವೈರಿಂಗ್ ಅವನದೇ. ಫ್ರಿಜ್ಜು ಜುಮ್ಮೆನ್ನುತ್ತದೆ ಎಂದು ಯಾರಾದರೂ ದೂರಿದರೆ ನಕ್ಕುಬಿಡುತ್ತಿದ್ದ. "ಏನೂ ಆಗಲ್ಲ, ಚಪ್ಪಲಿ ಹಾಕ್ಕಂಡು ಮುಟ್ಟಿ." ಜನಕ್ಕೆ ಅವನ ಮಾತೆಂದರೆ ಮಾತು.

ಬಿ.ಎಡ್. ಓದುತ್ತಿದ್ದ ಮಗಳು ಅನುಶ್ರೀ ಎರಡು ತಿಂಗಳಿಂದ ಹೇಳುತ್ತಲೇ ಇದ್ದಳು. "ಅಪ್ಪ, ಚಾರ್ಜಿಗೆ ಹಾಕಿ ಲ್ಯಾಪ್‌ಟಾಪ್ ಮೇಲೆ ಕೈ ಇಟ್ರೆ ಇರುವೆ ಹರಿದಂಗಾಯ್ತದೆ."

"ತಗಡಿನ ಮೈ ಅಂದ್ಮೇಲೆ ಅಷ್ಟು ಇದ್ದದ್ದೇ ಕಣವ್ವ." ಊರಿಗೆಲ್ಲ ರಿಪೇರಿ ಮಾಡುವ ಮಹರಾಯನಿಗೆ ಸ್ವಂತ ಮನೆಯ ಮಾತು ಕಿವಿಗೆ ಬೀಳುತ್ತಿರಲಿಲ್ಲ.

ಆ ಭಾನುವಾರ ಹೆಂಡತಿ ಕಾಳಮ್ಮ ಅಕ್ಕಿ ತೊಳೆದ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಫ್ರಿಜ್ಜು ಮುಟ್ಟಿದಳು. ಕೈ ಅಲ್ಲೇ ಕಚ್ಚಿಕೊಂಡಿತು, ಕಿರುಚುವುದಕ್ಕೂ ಆಗಲಿಲ್ಲ. ಜವರಪ್ಪ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಾಗ ನೆಲಕ್ಕೆ ಕುಸಿದಳು. ಬೆರಳು ಸೆಟೆದಿದ್ದವು, ಆದರೆ ಉಸಿರಿತ್ತು. ಅನುಶ್ರೀ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋಗೆ ಫೋನು ಮಾಡಿದಳು.

ಜವರಪ್ಪ ಸೋರಿದ ಕರೆಂಟನ್ನು ಮಣ್ಣಿಗಿಳಿಸಬೇಕಾದ ಹಸಿರು ವೈರಿನ ಜಾಡು ಹಿಡಿದು ಬಚ್ಚಲ ಹಿಂದಕ್ಕೆ ಹೋದ. ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡುವುದು ಅವನಿಗೆ ದಂಡದ ಕೆಲಸ. ನೆಲದೊಳಗೆ ಹೋಗುವ ಕಬ್ಬಿಣದ ನೀರಿನ ಪೈಪಿಗೆ ವೈರು ಬಿಗಿದರೆ ಮುಗಿಯಿತು. ಎಲ್ಲರ ಮನೆಯಲ್ಲೂ ಮಾಡಿದ್ದು ಅದನ್ನೇ.

ವೈರು ಬಿಗಿಯಾಗಿಯೇ ಇತ್ತು. ಪೈಪು ಮಾತ್ರ ಗೋಡೆಯ ಮೇಲೆ ಗೇಣುದ್ದ ಉಳಿದು, ಕೆಳಗೆ ಪ್ಲಾಸ್ಟಿಕ್ಕಾಗಿತ್ತು. ಹೋದ ವರ್ಷ ಕೇರಿಯವರೆಲ್ಲ ಸೇರಿ ಎಲ್ಲ ಮನೆಗಳ ತುಕ್ಕು ಹಿಡಿದ ಪೈಪು ಕೀಳಿಸಿದಾಗ ಗರಗಸ ಹಿಡಿದವನು ಅವನೇ. ಫ್ರಿಜ್ಜಿನಲ್ಲಿ ಸೋರಿದ ಕರೆಂಟು ಇಳಿಯಲು ಜಾಗವಿಲ್ಲದೆ ಅದೇ ವೈರಿನಲ್ಲಿ ಮಗಳ ಲ್ಯಾಪ್‌ಟಾಪಿಗೂ ಬರುತ್ತಿತ್ತು. ಎರಡು ತಿಂಗಳು! 

ಆಟೋ ಹತ್ತುವಾಗ ಕಾಳಮ್ಮ ಕ್ಷೀಣವಾಗಿ ಕೇಳಿದಳು, "ಪಕ್ಕದ ಸಣ್ಣಕ್ಕನ ಮನೇಗೂ ನೀವೇ ಅಲ್ವಾ ಮಾಡಿದ್ದು?"

ಅವನು ಬೇಲಿ ಹಾರಿದ. ಒಬ್ಬಂಟಿ ಮುದುಕಿ ಸಣ್ಣಕ್ಕ ಒದ್ದೆ ನೆಲದ ಮೇಲೆ ಕೂತು ತಿರುಗುತ್ತಿದ್ದ ಗ್ರೈಂಡರಿನ ಹಿಟ್ಟು ಬಳಿಯುತ್ತಿದ್ದಳು. ಜವರಪ್ಪ ನೇರ ಹೋಗಿ ಮೇನ್ ಸ್ವಿಚ್ ಇಳಿಸಿದ.

"ಯಾಕ್ಲಾ ಆಫ್ ಮಾಡ್ದೆ? ಒಸಿ ಜುಮ್ ಅಂತದೆ, ಅಷ್ಟೆಯ. ನೀ ಹೇಳ್ದಂಗೆ ಚಪ್ಪಲಿ ಹಾಕ್ಕಂಡೇ ಕುಂತಿವ್ನಿ, ನೋಡು," ಎಂದು ಅವಳು ಕಾಲೆತ್ತಿ ತೋರಿಸಿದಳು.

ಹವಾಯಿ ಚಪ್ಪಲಿ ಹಿಮ್ಮಡಿಯ ಕೆಳಗೆ ಸವೆದು ತೂತಾಗಿತ್ತು.