ಅಕ್ಕನ ಗಂಟಲಲ್ಲಿ ಹೊಳೆದದ್ದು

ಲಿಂಫೋಮಾ ಎಂಬ ಕ್ಯಾನ್ಸರಿಗೆ ಅಕ್ಕನ ಕೀಮೋ ಮುಗಿದಿತ್ತು. ಆದರೆ ಸಿ.ಟಿ. ಸ್ಕ್ಯಾನಿನಲ್ಲಿ ಎದೆಯೊಳಗೆ ಇನ್ನೂ ಒಂದು ಗಡ್ಡೆ ಕಾಣುತ್ತಿತ್ತು. ಅದು ಜೀವ ಇರುವ ಕ್ಯಾನ್ಸರೋ, ಗಾಯ ಮಾಗಿದ ಮೇಲೆ ಉಳಿಯುವಂಥ ಬರೀ ಕಲೆಯೋ? ಸಿ.ಟಿ. ಗಡ್ಡೆಯ ಆಕಾರ ತೋರಿಸುತ್ತದೆ, ಅದರ ಜೀವವನ್ನಲ್ಲ ಎಂದರು ಮಣಿಪಾಲದ ಡಾಕ್ಟರಮ್ಮ. ಹಾಗಾಗಿ ಪೆಟ್ ಸ್ಕ್ಯಾನ್ ಮಾಡಿಸಬೇಕಾಯಿತು.

ಉದ್ಯಾವರದಿಂದ ಬೆಳಿಗ್ಗೆಯೇ ಹೊರಟೆವು. ಅಕ್ಕನದು ಖಾಲಿ ಹೊಟ್ಟೆ. ವಿಕಿರಣ ಸೂಸುವ, ಸಕ್ಕರೆಯಂಥ ಮದ್ದನ್ನು ಅವಳ ರಕ್ತನಾಳಕ್ಕೆ ಚುಚ್ಚಿದರು. ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯ ಹಸಿವು ಜಾಸ್ತಿಯಂತೆ. ಅವು ಅದನ್ನು ಗಬಗಬ ನುಂಗಿದರೆ ಆ ಜಾಗ ಚಿತ್ರದಲ್ಲಿ ಹೊಳೆಯುತ್ತದಂತೆ.

"ಮದ್ದು ಮೈಗೆ ಹರಡುವವರೆಗೆ ಸುಮ್ಮನೆ ಮಲಗಿ. ಮಾತಾಡ್ಬೇಡಿ," ಎಂದು ನರ್ಸ್ ಕಂಬಳಿ ಹೊದಿಸಿದರು.

ಮಾತಿಲ್ಲದೆ ಅಕ್ಕ! ಇಗರ್ಜಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಗಾಯನ ತಂಡ ನಡೆಸುವವಳು; ಹಾಡಿಲ್ಲದಾಗ ಮಾತು, ಮಾತಿಲ್ಲದಾಗ ಹಾಡು. ಅಷ್ಟು ಆತಂಕದಲ್ಲೂ ನನಗೆ ನಗು ಬಂತು.

ಮರುದಿನ ಡಾಕ್ಟರಮ್ಮ ಕಂಪ್ಯೂಟರನ್ನು ನಮ್ಮತ್ತ ತಿರುಗಿಸಿದರು. ಚಿತ್ರದಲ್ಲಿ ಅಕ್ಕನ ತಲೆ ಧಗಧಗ ಹೊಳೆಯುತ್ತಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಹೆದರ್ಬೇಡಿ. ಮೆದುಳು ಯಾವಾಗಲೂ ಸಕ್ಕರೆ ತಿನ್ನುತ್ತದೆ. ಎದೆ ನೋಡಿ."

ಗಡ್ಡೆ ಇದ್ದಲ್ಲಿ ಹೊಳಪೇ ಇಲ್ಲ! ನಾನು ಅಕ್ಕನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಅವಳು "ಬಿಡು ಮಾರಾಯ್ತಿ, ನೋವಾಗ್ತದೆ" ಎಂದಳು.

ಅಷ್ಟರಲ್ಲಿ ಡಾಕ್ಟರಮ್ಮನ ಬೆರಳು ಗಂಟಲಿನ ಬಳಿ ನಿಂತಿತು. ಅಲ್ಲಿ ಪುಟ್ಟದೊಂದು ಹೊಳಪು.

"ಇದೆಂತ? ಮದ್ದು ಕೊಟ್ಟ ಮೇಲೆ ಮಾತಾಡಿದ್ರಾ?"

"ಇಲ್ಲ ಡಾಕ್ಟ್ರೇ. ಹೆದರಿಕೆ ಆಯ್ತು, ಕಂಬಳಿಯೊಳಗೆ ಮೆಲ್ಲ ಹಾಡಿದೆ. ಹಾಡ್ಬೇಡಿ ಅಂತ ಹೇಳ್ಲಿಲ್ಲ, ಅಲ್ವಾ?"

ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕೇಬಿಟ್ಟರು. "ದುಡಿದ ಸ್ನಾಯು ಕೂಡ ಸಕ್ಕರೆ ತಿನ್ನುತ್ತದೆ. ತಿಂದದ್ದು ಯಾರು ಅಂತ ಈ ಮೆಷಿನ್ನಿಗೆ ಗೊತ್ತಾಗೂದಿಲ್ಲ. ಆದ್ರೂ ಒಮ್ಮೆ ನೋಡಿಸಿಬಿಡುವ."

ಗಂಟಲಿನ ಡಾಕ್ಟರು ಸಪೂರ ಕ್ಯಾಮೆರಾ ಇಳಿಸಿ ನೋಡಿದರು. ನಾನು ಹೊರಗೆ ಬಾಗಿಲಿಗೇ ಅಂಟಿಕೊಂಡು ನಿಂತಿದ್ದೆ. "ಎಂತದೂ ಇಲ್ಲ, ಕ್ಲೀನ್ ಉಂಟು!" ಎಂಬ ಮಾತು ಕೇಳಿದ್ದೇ ತಡ, ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸನ್ನು ತಬ್ಬಿಕೊಂಡುಬಿಟ್ಟೆ.

ಕ್ಯಾನ್ಸರ್ ತೀರಾ ಸಣ್ಣದಾಗಿ ಉಳಿದಿದ್ದರೆ ಪೆಟ್‌ಗೂ ಕಾಣುವುದಿಲ್ಲ, ಆದ್ದರಿಂದ ತಪಾಸಣೆ ತಪ್ಪಿಸಬಾರದು ಎಂದು ಡಾಕ್ಟರಮ್ಮ ಖಡಕ್ಕಾಗಿ ಹೇಳಿ ಕಳಿಸಿದರು. ಅಕ್ಕ ಈಗಲೂ ತಪ್ಪದೆ ಹೋಗುತ್ತಾಳೆ. ಇದುವರೆಗೆ ಎಲ್ಲ ಸರಿಯಾಗಿದೆ.

ಗಂಟಲು ನೋಡಿಸಿ ಮರಳಿದ ಆ ದಿನ ಬಸ್ಸು ಉದ್ಯಾವರಕ್ಕೆ ಬಂದರೂ ಅವಳು ಏಳಲಿಲ್ಲ.

"ಇಳಿಯೂದಿಲ್ವಾ?"

"ಕಾಪುವಿಗೆ ಹೋಗುವ. ಸಮುದ್ರ ನೋಡ್ಬೇಕು."

ಅಲ್ಲಿ ಸೀರೆ ಎತ್ತಿ ಹಿಡಿದು, ಮೊಣಕಾಲಿನವರೆಗೆ ನೀರಿಗಿಳಿದವಳನ್ನು ಹೊರಡಿಸಲು ನನಗೆ ಸಾಕೋಸಾಕಾಯಿತು.