ಒಲೆ ಮುಚ್ಚಿಸುವ ಕಾಯ್ದೆ

ಮೊನ್ನೆ ಮೊಮ್ಮಗಳ ಕೂಸಿಗೆ ನೀರು ಎರೆದ ಮೇಲೆ ಕೆಂಡಕ್ಕೆ ಒಂದು ಚಿಟಿಕೆ ಅಜವಾನ ಉದುರಿಸಿದರು. ಹೊಗೆ ಎದ್ದಿತು. ನಾನು ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕಿದೆ. “ಯಾಕ ಆಯಿ, ಹಾಡೇ ಹಗಲ ಬಾಗಿಲ ಹಾಕ್ದಿ? ಉಸಿರು ಕಟ್ಲಿಕತ್ತದ,” ಎಂದಳು ಮೊಮ್ಮಗಳು. ಏನು ಹೇಳಲಿ? ಕೈ ತಾನೇ ಹೋಗಿ ಹಾಕಿತ್ತು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಮತ್ತೆ ಚಿತ್ತಾಪುರದ ಆ ಕತ್ತಲ ಕೋಣೆಯಲ್ಲಿ ಬಾಣಂತಿಯಾಗಿ ಮಲಗಿರುತ್ತೇನೆ. ಗೋಡೆಗೆ ಮುಖ ಮಾಡಿಕೊಂಡು ವಕೀಲ ಸಾಹೇಬರು ಕುಳಿತಿರುತ್ತಾರೆ...

ವಕೀಲ ಸಾಹೇಬರು ನಮ್ಮ ಪಕ್ಕದ ಮನೆಯವರು. ಎರಡೂ ಹಿತ್ತಲಿನ ನಡುವೆ ಒಂದು ಮೋಟು ಗೋಡೆ. ಅವರ ಒಲೆ ಆರಿದರೆ ನಮ್ಮ ಅತ್ತೆ ಸಗಣಿಯ ಕುಳ್ಳಿನ ಮೇಲೆ ಕೆಂಡ ಇಟ್ಟು ಆ ಗೋಡೆಯ ಮೇಲಿಂದ ಕೊಡುತ್ತಿದ್ದರು, ನಮ್ಮದು ಆರಿದರೆ ಅವರು. ಕಚೇರಿಯಲ್ಲಿ ಗಂಟೆಗಟ್ಟಲೆ ಉರ್ದುವಿನಲ್ಲಿ ವಾದ ಮಾಡುವ ಮನುಷ್ಯ, ಅತ್ತೆಯ ಮುಂದೆ ಮಾತ್ರ ನಮ್ಮ ಓಣಿಯ ಕನ್ನಡ. ಒಂದೇ ಒಂದು ಹುಚ್ಚಿತ್ತು ಅವರಿಗೆ: ಕಾನೂನಿನ ಯಾವ ಶಬ್ದ ಕಿವಿಗೆ ಬಿದ್ದರೂ ಅದರ ಹುಟ್ಟೂರು ಹುಡುಕದೆ ಬಿಡುತ್ತಿರಲಿಲ್ಲ. “ಮಂದಿ ಹೆಣ್ಣು ನೋಡಾಕ ಹೋದಾಗ ಮನಿತನ ಕೇಳ್ತಾರ. ಈ ಸಾಹೇಬ್ರು ಶಬ್ದದ್ದೂ ಮನಿತನ ಕೇಳ್ತಾರ,” ಎಂದು ಅತ್ತೆ ನಗುತ್ತಿದ್ದರು. ಅತ್ತೆಯ ಬಾಯಿ ಅಂಥಾದ್ದು. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳ ವಿಭೂತಿ, ನಾಲಿಗೆಗೆ ಮಾತ್ರ ಲಂಗುಲಗಾಮಿಲ್ಲ.

ಸೈನ್ಯ ಬಂದು ನಿಜಾಮರ ಆಳಿಕೆ ಮುಗಿದ ವರ್ಷ ಅದು. ಅದಕ್ಕೆ ಮೊದಲು ನಮ್ಮ ಮಂದಿ ಅಂಜಿ ಅಂಜಿ ಜೀವ ಹಿಡಿದಿದ್ದರು. ಆಮೇಲೆ ನೋಡನೋಡುತ್ತಲೇ ಅಂಜಿಕೆ ಮೋಟು ಗೋಡೆ ಹಾರಿ ಆಚೆ ಮನೆಗೆ ಹೋಯಿತು. ರೈಲಿನ ಭರವಸೆ ಇಲ್ಲದ್ದರಿಂದ ನಾನು ಹೆರಿಗೆಗೆ ಸೇಡಂಗೆ, ತವರಿಗೆ ಹೋಗಲಿಲ್ಲ. ಗಂಡ ವಾಡಿಯಲ್ಲಿ ಕೆಲಸಕ್ಕೆ ಹೋದವರು ಅಲ್ಲೇ ಸಿಕ್ಕಿಬಿದ್ದಿದ್ದರು. ಮನೆಯಲ್ಲಿ ಅತ್ತೆ, ನಾನು, ಇನ್ನೂ ಹೊಕ್ಕಳ ಬಳ್ಳಿ ಉದುರದ ಕೂಸು. ಡಂಗುರದವನು ಓಣಿಯಲ್ಲಿ ಕೂಗಿಕೊಂಡು ಹೋದ: “ಕರ್ಫ್ಯೂ! ಹೊತ್ತು ಮುಳುಗಿದ ಮ್ಯಾಲೆ ಹೊರಗ ಕಂಡ್ರ ಗುಂಡು!” ಕರ್ಫ್ಯೂ ಎಂದರೇನೋ ಯಾರಿಗೆ ಗೊತ್ತು? ಪ್ಲೇಗಿನ ಹೆಸರು ಕೇಳಿದಂತಾಗಿ ಕೂಸನ್ನು ಮಗ್ಗುಲಿಗೆ ಎಳೆದುಕೊಂಡೆ.

ಅದೇ ಸಂಜೆ ಹಿತ್ತಲಲ್ಲಿ ಧೊಪ್ಪನೆ ಸಪ್ಪಳವಾಯಿತು. ವಕೀಲ ಸಾಹೇಬರು ಗೋಡೆ ಹಾರಿ ಬಿದ್ದಿದ್ದರು. ತಲೆಯ ಮೇಲೆ ಟೋಪಿ ಇಲ್ಲ, ಕಾಲಲ್ಲಿ ಒಂದೇ ಚಪ್ಪಲಿ. ಹೆಂಡತಿ ಮಕ್ಕಳನ್ನು ಮೊದಲೇ ಹೈದರಾಬಾದಿಗೆ ಕಳಿಸಿ ಒಬ್ಬರೇ ಉಳಿದಿದ್ದರು.

“ಅಮ್ಮಾ, ನನ್ನ ಹುಡುಕ್ಕೊಂಡು ಮಂದಿ ಬರ್ಲಿಕತ್ತಾರಂತ. ಓಣಿಗಿ ಹೋದ್ರ ಗುಂಡು, ಮನ್ಯಾಗ ಕುಂತ್ರ ಕೊಡ್ಲಿ. ಎಲ್ಲಿಗಿ ಹೋಗ್ಲಿ ಹೇಳ್ರಿ?”

ಅತ್ತೆ ಅವರ ರಟ್ಟೆ ಹಿಡಿದು ತಂದು ನನ್ನ ಬಾಣಂತಿ ಕೋಣೆಯಲ್ಲಿ, ನಾನು ಮಲಗಿದ್ದ ಹೊರಸಿನ ಹಿಂದೆ ಕೂರಿಸಿದರು. ಅಯ್ಯ ಶಿವನೇ! ಗಂಡನೇ ಕಾಲಿಡದ ಕೋಣೆ ಅದು. ನಾನು ಸೆರಗು ಮುಖದ ಮೇಲೆ ಎಳೆದುಕೊಂಡೆ. ಸಾಹೇಬರು ನನ್ನ ಕಡೆಗೆ ಬೆನ್ನು ಮಾಡಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತರು. ಅವರ ಬೆನ್ನು ನಡುಗುತ್ತಿತ್ತು. ಹಿರಿಯ ಗಂಡಸು ನಡುಗುವುದನ್ನು ನಾನು ನೋಡಿದ್ದು ಅದೇ ಮೊದಲು, ಅದನ್ನು ನೋಡಿ ನನ್ನ ಅಂಜಿಕೆ ಇಮ್ಮಡಿಯಾಯಿತು.

ಅತ್ತೆಗೆ ತಿಳಿಯಿತೆಂದು ಕಾಣುತ್ತದೆ. ಹೊರಸಿನ ಕೆಳಗಿನ ಕೆಂಡ ಕೆದಕುತ್ತ ಮೆಲ್ಲಗೆ ಕೇಳಿದರು: “ಸಾಹೇಬ್ರ, ಈ ಕರ್ಫ್ಯೂ ಯಾರ ಮನಿತನದ್ದು?”

ಅವರು ಗೋಡೆಗೆ ಹೇಳಿದ ಹಾಗೆ ಹೇಳತೊಡಗಿದರು. ಅದು ಇಂಗ್ಲಿಷರ ಶಬ್ದವೇ ಅಲ್ಲವಂತೆ. ಫ್ರಾನ್ಸಿನಿಂದ ಬಂದದ್ದು. ಫ್ರೆಂಚರ ಬಾಯಲ್ಲಿ ಅದು ಎರಡು ಮಾತು: ಮುಚ್ಚು, ಬೆಂಕಿ. ಆ ಕಾಲಕ್ಕೆ ಅಲ್ಲಿ ಕಟ್ಟಿಗೆಯ ಗೋಡೆ, ಹುಲ್ಲಿನ ಮಾಡು. ಸಂಜೆ ಗಂಟೆ ಹೊಡೆದರೆ ಮನೆಮನೆಯವರು ಒಲೆಗೆ ಬೂದಿ ಮುಚ್ಚಿ ಮಲಗಬೇಕು, ಇಲ್ಲದಿದ್ದರೆ ಒಂದು ಕಿಡಿಗೆ ಊರೇ ಸುಟ್ಟೀತು. ಮುಂದೆ ಫ್ರೆಂಚ್ ಆಡುವ ಅರಸರು ಇಂಗ್ಲೆಂಡನ್ನು ಗೆದ್ದರು, ಅವರ ಸಂಗಡ ಅವರ ಕಾಯ್ದೆಯ ಮಾತೂ ಹೋಯಿತು.

“ನಮ್ಮಂಗ ನೋಡ್ರಿ ಅಮ್ಮಾ. ಊರಾಗ ಕನ್ನಡ, ಕಚೇರ್ಯಾಗ ಉರ್ದು. ಅಲ್ಲೂ ಮಂದಿ ಆಡೋದು ಒಂದು, ನ್ಯಾಯ ಹೇಳೋದು ಒಂದು. ಬಡವ ಕೈ ಮುಗದು ನಿಂತಿರ್ತಾನ, ತನಗ ಏನು ಶಿಕ್ಷಾ ಆತಂತ ಅವನಿಗಿ ತಿಳಿಯಂಗಿಲ್ಲ. ಈಗ ನನ್ನ ಉರ್ದುವಿನ ಪಾಳಿ ಮುಗೀತು.”

“ಬರೇ ಕಿಡಿ ಸಲುವಾಗಿ ಕಾಯ್ದೆ ಮಾಡಿದ್ರೇನು?” ಅತ್ತೆ ಕೇಳಿದರು.

“ಹಂಗಂತಾರ. ಒಲಿ ಮುಂದ ಕುಂತು ಮಂದಿ ಏನು ಮಾತಾಡ್ತಾರೋ ಅಂತ ಅರಸ್ಗ ಅಂಜಿಕಿ ಇತ್ತಂತನೂ ಅಂತಾರ.”

“ಹಾಳಾಗಿ ಹೋಗ್ಲಿ. ಒಲಿಗೆ ಬೂದಿ ಮುಚ್ಚೋದು ದಿನಾ ನಾನೂ ಮಾಡ್ತೀನಿ. ಇದಕ್ಕ ಅಷ್ಟು ದೂರದಿಂದ ಶಬ್ದ ತರಬೇಕಿತ್ತಾ?”

ಸಾಹೇಬರ ಬೆನ್ನು ಸ್ವಲ್ಪ ಅಲುಗಿತು. ನಕ್ಕರೆಂದು ಕಾಣುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ಒಡೆಯುವ ಸದ್ದು ಬಂತು.

ಒಂದೊಂದು ಏಟೂ ನನ್ನ ಎದೆಗೇ ಬಿದ್ದಂತಿತ್ತು. ಪಾತ್ರೆ ಉರುಳಿದವು, ಪೆಟ್ಟಿಗೆ ಎಳೆದರು, ಯಾರೋ ನಕ್ಕರು. ಕರ್ಫ್ಯೂ ನಮಗೆ, ಅವರಿಗಲ್ಲ! ಆಮೇಲೆ ಎಲ್ಲ ಸುಮ್ಮಗಾಯಿತು. ಆ ಸುಮ್ಮನಿರುವಿಕೆಯಷ್ಟು ಕೆಟ್ಟದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಅತ್ತೆ ಕೆಂಡದ ಮೇಲೆ ಹಿಡಿ ತುಂಬ ಅಜವಾನ ಸುರಿದು, ಕೋಣೆ ತುಂಬ ಹೊಗೆ ಎಬ್ಬಿಸಿ ಹೊರಗೆ ಹೋಗಿ ಹೊಸ್ತಿಲ ಮೇಲೆ ನಿಂತರು.

“ಅಮ್ಮಾ,” ಎಂದಿತು ಒಂದು ದನಿ. ಎಷ್ಟು ಮೆತ್ತಗಿನ ದನಿ! “ವಕೀಲ ಇತ್ಲಾಗ ಬಂದಾನೇನ್ರಿ? ಒಮ್ಮಿ ಒಳಗ ನೋಡಿ ಹೋಗ್ತೀವಿ.”

“ಸೊಸಿ ಬಾಣಂತಿ ಅದಾಳ. ಹಸಿ ಕೂಸು. ನಿಮಗ ಸೂತಕ ಬರ್ತದ, ಹೋಗ್ರಿ.”

“ನೀವು ಲಿಂಗ ಕಟ್ಟಿದವ್ರಲ್ರಿ? ನಿಮ್ಮ ಮನ್ಯಾಗ ಸೂತಕ ಎಲ್ಲಿಂದ ಬಂತು?”

ಅವನು ಹೇಳಿದ್ದು ಖರೆ. ಹುಟ್ಟು ಸಾವಿಗೆ ಮೈಲಿಗೆ ಇಲ್ಲ ಎಂದು ಓಣಿಗೆಲ್ಲ ಬುದ್ಧಿ ಹೇಳುತ್ತಿದ್ದವರೇ ನಮ್ಮ ಅತ್ತೆ. ಹೊಗೆಗೆ ಸಾಹೇಬರಿಗೆ ಕೆಮ್ಮು ಒತ್ತಿ ಬರುತ್ತಿತ್ತು. ಮುಂಗೈ ಕಚ್ಚಿಕೊಂಡು ತಡೆಯುತ್ತಿದ್ದರು. ಇನ್ನು ತಡೆಯಲಾರರು ಎಂದು ನನಗೆ ಗೊತ್ತಾಯಿತು. ಮಲಗಿದ್ದ ಕೂಸಿನ ತೊಡೆಯನ್ನು ಜೋರಾಗಿ ಚಿವುಟಿದೆ. ಅದು ಕಿಟಾರನೆ ಕಿರುಚಿತು, ಆ ಅಳುವಿನೊಳಗೆ ಅವರು ಕೆಮ್ಮಿದರು.

ಹೊರಗೆ ಅತ್ತೆಯ ದನಿ ಮಾತ್ರ ಕಲ್ಲಿನಂತಿತ್ತು.

“ನಮಗ ಸೂತಕ ಇಲ್ಲೋ ತಮ್ಮಾ. ನಿಮಗ ಅದಲ್ಲ? ಬರ್ರಿ, ಒಳಗ ಬರ್ರಿ. ಈ ಕ್ವಾಣಿ ಮೆಟ್ಟಿ ಮನಿಗಿ ಹೋಗಿ ನಿಮ್ಮ ದೇವರ ಜಗಲಿ ಮುಂದ ಹೆಂಗ ನಿಲ್ತೀರಿ? ನಾ ಏನು ಅಡ್ಡ ಬರಂಗಿಲ್ಲ.”

ಯಾರೋ ಗೊಣಗಿದರು. ಹೆಜ್ಜೆಗಳು ದೂರವಾದವು. ಜೀವ ತೆಗೆಯಲು ಅಂಜದವರು ಮೈಲಿಗೆಗೆ ಅಂಜಿ ಹೋದರು, ನೋಡಿ! ಅತ್ತೆ ಒಳಗೆ ಬಂದವರೇ ನೆಲಕ್ಕೆ ಕುಸಿದರು. “ಭಾಳ ಅಂಜಿದ್ನವ್ವಾ, ಭಾಳ ಅಂಜಿದ್ನಿ,” ಎಂದು ನನ್ನ ಕಾಲು ಹಿಡಿದುಕೊಂಡು ಅತ್ತರು. ಸಾಹೇಬರು ಗೋಡೆಯಿಂದ ಮುಖ ತಿರುಗಿಸಲೇ ಇಲ್ಲ.

ಕರ್ಫ್ಯೂ ಸಡಿಲಾದ ಮೇಲೆ ಅವರು ತಮ್ಮ ಮನೆಗೆ ಹೋದರು, ಬಾಗಿಲು ಹೊಸದು ಮಾಡಿಸಿದರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಕಚೇರಿಗೂ ಹೋದರು. ಊರಿನವರು ಮೊದಲಿನಂತೆಯೇ ‘ಸಲಾಂ ಸಾಹೇಬ್ರ’ ಎಂದರು, ಅವರೂ ಕೈ ಎತ್ತಿದರು. ಆದರೆ ಶಬ್ದಗಳ ಮನೆತನ ಕೇಳುವುದನ್ನು ಬಿಟ್ಟುಬಿಟ್ಟರು...

ರಾಜ್ಯಗಳ ಗಡಿ ಬದಲಾಗಿ ನಾವು ಮೈಸೂರಿಗೆ ಸೇರಿದ ವರ್ಷ ಅವರು ಮನೆ ಮಾರಿ ಹೈದರಾಬಾದಿಗೆ ಹೊರಟರು. ಹೇಳಿ ಹೋಗಲು ಬಂದಾಗ ಧೈರ್ಯ ಮಾಡಿ ಕೇಳಿದೆ: “ಸಾಹೇಬ್ರ, ಆ ದಿನ ಬಾಗಿಲದಾಗ ಮಾತಾಡಿದಂವ ಯಾರ್ರಿ? ನಿಮಗ ದನಿ ಗುರ್ತ ಹತ್ತಿತ್ತಲ್ಲ?”

ಅವರು ನನ್ನ ಕಡೆ ನೇರ ನೋಡಿದ್ದು ಅದೊಂದೇ ಸಲ.

“ಹೇಳಿದ್ರ ನಾಳಿ ಅವನ ಅಂಗಡ್ಯಾಗ ಉಪ್ಪು ಹೆಂಗ ತರ್ತಿ ಬೇಟಿ? ನಾ ಹೊಂಟೀನಿ. ನೀ ಇಲ್ಲೇ ಬಾಳಬೇಕು.”

ಅತ್ತೆಯೂ ಹೇಳಲಿಲ್ಲ. ಅವನ ಮುಖ ನೋಡಿದವರು ಅವರೊಬ್ಬರೇ. ಸಾಯುವಾಗಲೂ ಬಾಯಿ ಬಿಡಲಿಲ್ಲ. ಸಾಹೇಬರು ತೀರಿಕೊಂಡ ಸುದ್ದಿ ಬಂದದ್ದು ಎಷ್ಟೋ ತಿಂಗಳಾದ ಮೇಲೆ. ಹೋಗಿ ಮುಖ ನೋಡುವ ಭಾಗ್ಯವೂ ನಮಗಿರಲಿಲ್ಲ. ಜೀವ ಉಳಿಸಿದೆವು ಎಂದು ಹೇಳಿಕೊಳ್ಳಬಹುದು, ಅವರ ಊರನ್ನು ಅವರಿಗೆ ಉಳಿಸಿಕೊಡಲು ನಮ್ಮಿಂದ ಆಗಲಿಲ್ಲ.

ನಾನು ಚಿತ್ತಾಪುರದಲ್ಲೇ ಮುದುಕಿಯಾದೆ. ಎಲ್ಲ ಅಂಗಡಿಗಳಲ್ಲೂ ಉಪ್ಪು ತಂದೆ. ಕೊಡುವವನು ಮೆತ್ತಗೆ ಮಾತಾಡಿದರೆ ಸಾಕು, ಚಿಲ್ಲರೆ ಎಣಿಸದೆ ಚೀಲ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಆ ಕಾಲದ ಅಂಗಡಿಯವರೆಲ್ಲ ಒಬ್ಬೊಬ್ಬರಾಗಿ ಸತ್ತು ಹೋದರು. ಓಣಿಯವರೆಂದ ಮೇಲೆ ಯಾರ ಮಣ್ಣನ್ನೂ ತಪ್ಪಿಸಿದವಳಲ್ಲ ನಾನು. ಹಾಗಾದರೆ ಅವನ ಮಣ್ಣಿಗೂ ಹೋಗಿದ್ದೇನೆ, ಎಲ್ಲರ ಸಂಗಡ ಕೂತು ಅತ್ತೂ ಬಂದಿದ್ದೇನೆ.