ಅಣ್ಣನ ಲಾರಿಯಲ್ಲಿ ಸಿಕ್ಕ ತಗಡು

ಗೆಳೆಯರೇ, ಇವತ್ತು ಗೊರಗುಂಟೆಪಾಳ್ಯದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ರಫೀಕ್ ಭಾಯಿ ನಮ್ಮ ಹಳೇ ಲಾರಿಯ ಕೆಳಗೆ ಮಲಗಿ, "ಸ್ಟೇರಿಂಗ್ ತಿರುಗಿಸಿ" ಎಂದರು.

"ತಿರುಗಿಸ್ತಾನೇ ಇದ್ದೀನಿ ಭಾಯ್."

"ಎಲ್ಲಿ? ಚಕ್ರ ಅಲ್ಲಾಡ್ತಾನೇ ಇಲ್ಲ."

ನಾನು ನಿಜವಾಗಿಯೂ ತಿರುಗಿಸುತ್ತಿದ್ದೆ. ಅಂಗೈಯಗಲ ತಿರುಗಿಸಿದ ಮೇಲೆ ಕೆಳಗೆ ಕಟ್ ಎಂದು ಸದ್ದಾಗಿ ಚಕ್ರ ಮಿಸುಕಿತು.

ಅಣ್ಣ ಜಾಂಡೀಸಿನಿಂದ ತೀರಿಕೊಂಡು ಮೂರು ತಿಂಗಳಾಯಿತು. ಈಗ ಲಾರಿ ಓಡಿಸುವವನು ನಾನು. ವೇಗ ನಲವತ್ತು ದಾಟಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ. ಅವನ ಕೈಯಲ್ಲಿ ನಡುಗುತ್ತಿರಲಿಲ್ಲ, ಹಾಗಾಗಿ ನನಗೇ ಓಡಿಸಲು ಬರುವುದಿಲ್ಲ ಎಂದುಕೊಂಡಿದ್ದೆ.

ಭಾಯಿ ಸವೆದು ಹರಿದ ತಗಡಿನ ಚೂರೊಂದನ್ನು ಹಿಡಿದು ಹೊರಗೆ ಬಂದರು. "ಚಕ್ರ ತಿರುಗಿಸೋ ರಾಡಿನ ಜಾಯಿಂಟ್ ಪೂರ್ತಿ ಸವೆದಿದೆ. ಹೊಸದು ಹಾಕೋದು ಬಿಟ್ಟು, ಸಂದಿಗೆ ಈ ತಗಡು ತುರುಕಿದ್ದಾರೆ. ಈಗ ಅದೂ ಹರಿದಿದೆ, ಅದಕ್ಕೇ ನಿಮ್ ಸ್ಟೇರಿಂಗ್ ನಡುಗೋದು. ಯಾರ್ರೀ ಈ ಕಿತಾಪತಿ ಮಾಡಿರೋದು? ಹೆಬ್ಬಾಳ ಫ್ಲೈಓವರ್ ಮೇಲೆ ಕಳಚ್ಕೊಂಡಿದ್ರೆ ನಿಮ್ ಕಥೆ ಮುಗೀತಿತ್ತು."

ತಗಡಿನ ಮೇಲೆ ಸೂರ್ಯಕಾಂತಿಯ ಅರ್ಧ ಚಿತ್ರವಿತ್ತು. ನಮ್ಮ ಮನೆಯ ಅಡುಗೆ ಎಣ್ಣೆಯ ಡಬ್ಬ ಅದು.

"ನಮ್ಮಣ್ಣ" ಎಂದೆ.

"ಕರ್ಕೊಂಡ್ ಬನ್ನಿ ಅವ್ರನ್ನ. ಇಂಥ ಜಿಪುಣನ್ನ, ಇಂಥ ಹುಂಬನ್ನ ನಾನ್ ಒಂದ್ಸಲ ನೋಡ್ಬೇಕು."

ತಗಡನ್ನು ಅವರ ಕೈಯಿಂದ ತೆಗೆದುಕೊಂಡೆ. ಅಣ್ಣನ ಮೇಲೆ ಸಿಟ್ಟಾಗಬೇಕೋ ಬೇಡವೋ ತಿಳಿಯದೆ ತಲೆಯಾಡಿಸಿದೆ. ಹೊಸ ಜಾಯಿಂಟ್ ಹಾಕುವವರೆಗೆ ಲಾರಿ ಅಲ್ಲೇ ಇರುತ್ತದೆ.

ಮೂರು ತಿಂಗಳಿಂದ ಮನೆಗೆ ಬಂದವರೆಲ್ಲ ಅವನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದಾರೆ. ನಮ್ಮಣ್ಣನನ್ನು ಸರಿಯಾಗಿ ಗುರುತು ಹಿಡಿದವರು, ಅವನ ಮುಖವನ್ನೇ ನೋಡಿರದ ಈ ಭಾಯಿ ಒಬ್ಬರೇ.